ವೆರಿಫೈ ಪಾಸಾದರೆ ಸಾಲದು: ಬರೆದ ಡಿಸ್ಕ್ ಬಾಳಿಕೆ ಬರುತ್ತದಾ ಅಂತ ಪರೀಕ್ಷಿಸುವ ಸಮಗ್ರ ಮಾರ್ಗದರ್ಶಿ

"ಬರ್ನ್ ಮಾಡಿದೆ, ವೆರಿಫೈ ಕೂಡ ಪಾಸಾಯ್ತು, ಆದರೆ ಮೂರು ವರ್ಷ ಬಿಟ್ಟು ಹಾಕಿದರೆ ಡಿಸ್ಕ್ ಓದ್ತಾನೇ ಇಲ್ಲ." ಈ ಮಾತನ್ನು ನಾನು ಎಷ್ಟು ಜನರಿಂದ ಕೇಳಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲ ನಾನು ಕೇಳುವುದು ಒಂದೇ: ಬರೆದ ದಿನ ಎರರ್ ಸ್ಕ್ಯಾನ್ (ಓದುವಾಗ ಡ್ರೈವಿಗೆ ಎಷ್ಟು ತಪ್ಪು ಸಿಕ್ಕಿತು ಅಂತ ಎಣಿಸುವ ಪರೀಕ್ಷೆ) ಮಾಡಿದ್ರಾ? ಹೆಚ್ಚಿನವರು ಮಾಡಿರುವುದಿಲ್ಲ.

ಒಂದು ವಿಷಯ ಮೊದಲೇ ತಲೆಯಲ್ಲಿರಲಿ. ಸಿಡಿ, ಡಿವಿಡಿ, ಬ್ಲೂ-ರೇ ಯಾವುದೇ ಇರಲಿ, ಎಷ್ಟೇ ಒಳ್ಳೆಯ ಡಿಸ್ಕ್ ಆದರೂ, ಈಗಷ್ಟೇ ಬರೆದಿದ್ದರೂ, ಅದರಲ್ಲಿ ತಪ್ಪುಗಳು ಇದ್ದೇ ಇರುತ್ತವೆ. ಓದುವಾಗ ಡ್ರೈವ್ ಅವನ್ನು ತಾನೇ ಸರಿಮಾಡಿ ನಮಗೆ ಶುದ್ಧವಾದ ಫೈಲ್ ಕೊಡುತ್ತದೆ. ವೆರಿಫೈ ನೋಡುವುದು ಆ ಕೊನೆಯ ಫೈಲ್ ಮಾತ್ರ. ಅಲ್ಲಿಗೆ ಬರಲು ಡ್ರೈವ್ ಎಷ್ಟು ಒದ್ದಾಡಿತು ಅನ್ನುವುದು ಅದರಲ್ಲಿ ಕಾಣುವುದೇ ಇಲ್ಲ. ಸರಿಪಡಿಸುವ ಶಕ್ತಿಗೆ ಒಂದು ಮಿತಿ ಇದೆ. ಮಿತಿಯ ಒಳಗೆ ಇರುವವರೆಗೂ ಎಲ್ಲ ಚೆನ್ನಾಗಿಯೇ ಕಾಣುತ್ತದೆ, ದಾಟಿದ ದಿನ ಫೈಲ್ ಹೋಗುತ್ತದೆ. ನಾವು ಅಳೆಯಬೇಕಾದ್ದು ಆ ಮಿತಿಗೆ ಇನ್ನೂ ಎಷ್ಟು ದೂರ ಉಳಿದಿದೆ ಅನ್ನುವುದನ್ನು.

ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಕ್ರಮ ತಪ್ಪಿದರೆ ತಪ್ಪು ಡಿಸ್ಕಿನದೋ ಡ್ರೈವಿನದೋ ಗೊತ್ತಾಗುವುದಿಲ್ಲ.

## ಏನೇನು ಬೇಕು

ಎರಡು ಡ್ರೈವ್, ಬೇರೆ ಬೇರೆ ತಯಾರಕರದ್ದಾದರೆ ಒಳ್ಳೆಯದು. ಒಂದರಲ್ಲಿ ಬರೆಯುವುದು, ಇನ್ನೊಂದರಲ್ಲಿ ಓದಿ ನೋಡುವುದು. ಲ್ಯಾಪ್‌ಟಾಪಿನ ತೆಳು ಡ್ರೈವಿಗಿಂತ ಡೆಸ್ಕ್‌ಟಾಪಿನ ಪೂರ್ಣ ಗಾತ್ರದ ಡ್ರೈವ್ ಮೇಲು.

ಸ್ಕ್ಯಾನ್ ಮಾಡುವ ಸಾಫ್ಟ್‌ವೇರ್: ವಿಂಡೋಸ್‌ನಲ್ಲಿ ನೀರೋ ಡಿಸ್ಕ್‌ಸ್ಪೀಡ್ ಅಥವಾ ಆಪ್ಟಿ ಡ್ರೈವ್ ಕಂಟ್ರೋಲ್, ಲಿನಕ್ಸ್‌ನಲ್ಲಿ ಕ್ಯುಪಿಎಕ್ಸ್‌ಟೂಲ್. ಬರೆಯಲು ಇಮ್ಗ್‌ಬರ್ನ್ ಸಾಕು. ಜೊತೆಗೆ ಡಿವಿಡಿಸಾಸ್ಟರ್ (ಡಿಸ್ಕಿಗೆ ರಕ್ಷಣಾ ಡೇಟಾ ಸೇರಿಸುವ ಸಾಫ್ಟ್‌ವೇರ್), ಒಂದು ಹ್ಯಾಶ್ (ಫೈಲ್ ಬದಲಾಗಿಲ್ಲ ಅಂತ ತಿಳಿಸುವ ಗುರುತಿನ ಸಂಖ್ಯೆ) ತೆಗೆಯುವ ಟೂಲ್, ನೂಲು ಬಿಡದ ಮೆತ್ತನೆಯ ಬಟ್ಟೆ, ಮತ್ತು ಒಂದು ನೋಟ್‌ಬುಕ್ ಅಥವಾ ಸ್ಪ್ರೆಡ್‌ಶೀಟ್. ಕೊನೆಯದನ್ನು ಬಿಡಬೇಡಿ, ಅದಿಲ್ಲದೆ ಐದು ವರ್ಷದ ನಂತರ ಹೋಲಿಸಲು ಏನೂ ಇರುವುದಿಲ್ಲ.

## ಹಂತ 1: ನಿಮ್ಮ ಡ್ರೈವಿಗೆ ಸ್ಕ್ಯಾನ್ ಬರುತ್ತದಾ ನೋಡಿ

ಎಲ್ಲ ಡ್ರೈವುಗಳೂ ತಪ್ಪುಗಳ ಲೆಕ್ಕ ಹೊರಗೆ ಕೊಡುವುದಿಲ್ಲ. ಒಳಗೆ ಲೆಕ್ಕ ನಡೆಯುತ್ತಿರುತ್ತದೆ, ಆದರೆ ಸಾಫ್ಟ್‌ವೇರ್ ಕೇಳಿದರೆ ಉತ್ತರ ಬರುವುದಿಲ್ಲ. ಲೈಟ್‌ಆನ್‌ನ ಹಲವು ಡ್ರೈವುಗಳು, ಪ್ಲೆಕ್ಸ್‌ಟರ್‌ನ ಹಳೆಯ ಪಿಎಕ್ಸ್-716, ಪಿಎಕ್ಸ್-760, ಬೆನ್‌ಕ್ಯೂ ಡಿಡಬ್ಲ್ಯು1640 ಇಂಥವು ಈ ಕೆಲಸಕ್ಕೆ ಹೆಸರಾದವು. ಹಳೆಯ ಡ್ರೈವ್ ಕೊಳ್ಳುವುದಾದರೆ ಮೊದಲು ಮಾಡೆಲ್ ನಂಬರ್ ನೋಡಿ, ಆಮೇಲೆ ಕೊಳ್ಳಿ.

ಯಾವುದಾದರೂ ಬರೆದ ಡಿಸ್ಕ್ ಹಾಕಿ ಸ್ಕ್ಯಾನ್ ಒತ್ತಿ. ಬಟನ್ ಮಸುಕಾಗಿದ್ದರೆ, ಅಥವಾ ಗ್ರಾಫ್ ಆರಂಭದಿಂದ ಕೊನೆಯವರೆಗೂ ಸೊನ್ನೆಯಲ್ಲೇ ನಿಂತರೆ ಡ್ರೈವ್ ಲೆಕ್ಕ ಕೊಡುತ್ತಿಲ್ಲ ಎಂದರ್ಥ. ಸೊನ್ನೆ ನೋಡಿ "ನನ್ನ ಡಿಸ್ಕ್ ಪರ್ಫೆಕ್ಟ್" ಅಂದುಕೊಂಡವರು ಬಹಳ ಜನ. ತಪ್ಪೇ ಇಲ್ಲದ ಡಿಸ್ಕ್ ಇರುವುದಿಲ್ಲ, ನೆನಪಿಡಿ. ಡ್ರೈವ್ ಯುಎಸ್‌ಬಿ ಅಡಾಪ್ಟರ್ ಮೂಲಕ ಇದ್ದರೆ ಒಮ್ಮೆ ನೇರ ಸಾಟಾ ಕೇಬಲ್ ಹಾಕಿ ನೋಡಿ, ಕೆಲವು ಅಡಾಪ್ಟರುಗಳು ಸ್ಕ್ಯಾನ್ ಆಜ್ಞೆಗಳನ್ನು ದಾಟಿಸುವುದಿಲ್ಲ.

ಇಲ್ಲೇ ಇನ್ನೊಂದು ಕೆಲಸ ಮುಗಿಸಿ. ಒಂದು ಒಳ್ಳೆಯ ಡಿಸ್ಕನ್ನು ಮಾದರಿ ಡಿಸ್ಕ್ ಅಂತ ತೆಗೆದಿಡಿ. ಅದನ್ನು ಕತ್ತಲಲ್ಲಿ, ಡಬ್ಬಿಯಲ್ಲಿ ಇಟ್ಟು, ಪ್ರತಿ ಸಲ ಪರೀಕ್ಷೆ ಶುರು ಮಾಡುವ ಮುಂಚೆ ಒಮ್ಮೆ ಸ್ಕ್ಯಾನ್ ಮಾಡಿ. ಅದರ ಅಂಕಿಗಳು ಹಿಂದಿನಂತೆಯೇ ಬಂದರೆ ಡ್ರೈವ್ ಸರಿ ಇದೆ. ಅದೂ ಕೆಟ್ಟದಾಗಿ ಬಂದರೆ ಲೆನ್ಸಿಗೆ ಧೂಳು ಕೂತಿರಬಹುದು, ಲೇಸರ್ ಸೋತಿರಬಹುದು. ಅಂಥ ದಿನ ಬೇರೆ ಯಾವ ಡಿಸ್ಕಿನ ಬಗ್ಗೆಯೂ ತೀರ್ಪು ಕೊಡಬೇಡಿ.

## ಹಂತ 2: ಖಾಲಿ ಡಿಸ್ಕನ್ನು ಬರೆಯುವ ಮುಂಚೆಯೇ ನೋಡಿ

ಮೊದಲು ಕಣ್ಣು. ಡಿಸ್ಕನ್ನು ಅಂಚಲ್ಲಿ ಹಿಡಿದು ದೀಪದ ಕೆಳಗೆ ಓರೆ ಮಾಡಿ. ಬಣ್ಣದ ಪದರದಲ್ಲಿ ಮೋಡದ ಹಾಗೆ ಕಲೆ, ಗುಳ್ಳೆ, ಸೂಜಿ ತೂತಿನಂಥ ಬೆಳಕಿನ ಚುಕ್ಕೆ, ಹೊರ ಅಂಚಿನಲ್ಲಿ ಪದರ ಬಿಟ್ಟ ಗುರುತು ಇದ್ದರೆ ಪಕ್ಕಕ್ಕಿಡಿ. ಡಿವಿಡಿಯಲ್ಲಿ ಹೊರ ಅಂಚು ತುಂಬಾ ಮುಖ್ಯ. ತಲಾ 0.6 ಮಿ.ಮೀ. ದಪ್ಪದ ಎರಡು ಪ್ಲಾಸ್ಟಿಕ್ ತಟ್ಟೆಗಳನ್ನು ಅಂಟಿಸಿ ಡಿವಿಡಿ ಮಾಡಿರುತ್ತಾರೆ. ಅಂಟು ಅಂಚಿನವರೆಗೂ ಸರಿಯಾಗಿ ಹರಡಿಲ್ಲದಿದ್ದರೆ ಗಾಳಿ, ತೇವ ಅಲ್ಲಿಂದಲೇ ಒಳಗೆ ಹೋಗುತ್ತದೆ.

ಸಿಡಿಯಲ್ಲಿ ಡೇಟಾ ಇರುವುದು ಲೇಬಲ್ ಕಡೆಗೆ, ಬರೀ ತೆಳುವಾದ ವಾರ್ನಿಶ್ ಕೆಳಗೆ. ಆದ್ದರಿಂದ ಸಿಡಿಗೆ ಕೆಳಗಿನ ಗೀರಿಗಿಂತ ಮೇಲಿನ ಗೀರೇ ಹೆಚ್ಚು ಅಪಾಯ. ಬ್ಲೂ-ರೇನಲ್ಲಿ ಇದು ಉಲ್ಟಾ, ಡೇಟಾ ಓದುವ ಕಡೆಯಿಂದ ಬರೀ 0.1 ಮಿ.ಮೀ. ಆಳದಲ್ಲಿರುತ್ತದೆ.

ಆಮೇಲೆ ಮೀಡಿಯಾ ಕೋಡ್ ಓದಿ. ಇಮ್ಗ್‌ಬರ್ನ್‌ನಲ್ಲಿ ಖಾಲಿ ಡಿಸ್ಕ್ ಹಾಕಿದರೆ ಬಲಗಡೆ ಕಾಣುತ್ತದೆ. ಡಬ್ಬಿಯ ಮೇಲಿನ ಹೆಸರು ಮಾರುವವರದ್ದು, ಈ ಕೋಡ್ ತಯಾರಿಕೆಯದ್ದು. ಉದಾಹರಣೆಗೆ ಡಿವಿಡಿ-ಆರ್‌ನಲ್ಲಿ ಎಂಸಿಸಿ 03ಆರ್‌ಜಿ20 ಅಂದರೆ ಮಿತ್ಸುಬಿಷಿ ಕೆಮಿಕಲ್ ಕೋಡ್, ಸಿಡಿಯಲ್ಲಿ 97 ನಿಮಿಷ 24 ಸೆಕೆಂಡ್ 01 ಫ್ರೇಮ್ ಅಂದರೆ ತೈಯೊ ಯುಡೆನ್. ನಾನು ಒಂದು ಸಲ ಒಂದೇ ಹೆಸರು, ಒಂದೇ ಬಣ್ಣದ ಡಬ್ಬಿ ಅಂತ ಎರಡು ಸ್ಪಿಂಡಲ್ (ಡಿಸ್ಕುಗಳನ್ನು ಒಂದರ ಮೇಲೊಂದು ಪೇರಿಸಿದ ಡಬ್ಬಿ) ತಂದೆ. ಮೊದಲನೆಯದರ ಡಿಸ್ಕುಗಳು ಅಷ್ಟು ಚೆನ್ನಾಗಿ ಬಂದಿದ್ದವು ಅಂತ ಎರಡನೆಯದನ್ನು ಪರೀಕ್ಷಿಸದೆ ಬರೆದೆ. ಕೋಡ್ ಬೇರೆ ಇತ್ತು, ಪದರದ ಬಣ್ಣವೂ ಬೇರೆ ಇತ್ತು, ಇಪ್ಪತ್ತು ಡಿಸ್ಕ್ ಮತ್ತೆ ಬರೆಯಬೇಕಾಯಿತು. ಈಗ ಪ್ರತಿ ಸ್ಪಿಂಡಲ್‌ನ ಮೇಲಿಂದ ಒಂದು, ನಡುವಿಂದ ಒಂದು, ತಳದಿಂದ ಒಂದು ತೆಗೆದು ಕೋಡ್ ನೋಡುತ್ತೇನೆ. ಕೋಡ್ ನಕಲು ಮಾಡುವವರೂ ಇದ್ದಾರೆ. ಹಾಗಾಗಿ ಒಳ್ಳೆಯ ಕೋಡ್ ಕಂಡಿತು ಅಂತ ಮುಂದಿನ ಹಂತಗಳನ್ನು ಬಿಡಬೇಡಿ.

ಬ್ಲೂ-ರೇ ಕೊಳ್ಳುವವರಿಗೆ ಒಂದು ಎಚ್ಚರಿಕೆ: ಡಬ್ಬಿಯ ಮೇಲೆ "ಎಲ್‌ಟಿಎಚ್" ಅಂತ ಇದ್ದರೆ ಸಂಗ್ರಹಕ್ಕೆ ಬೇಡ. ಅದರಲ್ಲಿ ಸಿಡಿ, ಡಿವಿಡಿಯ ಹಾಗೆ ಸಾವಯವ ಬಣ್ಣದ ಪದರ ಇರುತ್ತದೆ, ಬೆಳಕಿಗೆ, ಬಿಸಿಗೆ ಬೇಗ ಸೋಲುತ್ತದೆ. ಸಾಮಾನ್ಯ ಬಿಡಿ-ಆರ್‌ನಲ್ಲಿ ಇರುವುದು ಲೋಹದಂಥ ಅಜೈವಿಕ ಪದರ. ಪ್ಯಾನಾಸೋನಿಕ್ 2023ರಲ್ಲಿ, ಸೋನಿ 2025ರ ಫೆಬ್ರವರಿಯಲ್ಲಿ ಬರೆಯುವ ಬ್ಲೂ-ರೇ ತಯಾರಿಕೆ ನಿಲ್ಲಿಸಿವೆ. ಹಳೆಯ ಸ್ಟಾಕ್ ಸಿಗಬಹುದು, ಎಲ್ಲಿ ಹೇಗೆ ಬಿದ್ದಿತ್ತೋ ಗೊತ್ತಿಲ್ಲ, ಆದ್ದರಿಂದ ಪರೀಕ್ಷೆ ಈಗ ಮೊದಲಿಗಿಂತ ಜಾಸ್ತಿ ಬೇಕು.

## ಹಂತ 3: ಪರೀಕ್ಷೆಗೆ ಯೋಗ್ಯವಾಗಿ ಬರೆಯಿರಿ

ಬರೆಯುವ ಮುಂಚೆ ನಾಲ್ಕನೇ ಹಂತದಲ್ಲಿ ಹೇಳಿದ ಹ್ಯಾಶ್ ಪಟ್ಟಿ ಮಾಡಿಕೊಳ್ಳಿ. ಗರಿಷ್ಠ ವೇಗದಲ್ಲಿ ಬರೆಯಬೇಡಿ. ತೀರಾ ನಿಧಾನವೂ ಬೇಡ. "ನಿಧಾನ ಇದ್ದಷ್ಟೂ ಒಳ್ಳೆಯದು" ಅನ್ನುವುದು ಹಳೆಯ ನಂಬಿಕೆ. 16ಎಕ್ಸ್ ಡಿಸ್ಕಿನ ಬಣ್ಣದ ಪದರವನ್ನು ಆ ವೇಗಕ್ಕೆ ತಕ್ಕಂತೆ ಮಾಡಿರುತ್ತಾರೆ, ಅದರಲ್ಲಿ 2ಎಕ್ಸ್‌ನಲ್ಲಿ ಬರೆದರೆ ಹಲವು ಸಲ ತಪ್ಪು ಹೆಚ್ಚಾಗುತ್ತದೆ. 16ಎಕ್ಸ್ ಡಿವಿಡಿಗೆ 8ಎಕ್ಸ್, 52ಎಕ್ಸ್ ಸಿಡಿಗೆ 16 ಅಥವಾ 24ಎಕ್ಸ್, 6ಎಕ್ಸ್ ಬ್ಲೂ-ರೇಗೆ 4ಎಕ್ಸ್. ಇಲ್ಲಿಂದ ಶುರು ಮಾಡಿ. ಒಂದೇ ಸ್ಪಿಂಡಲ್‌ನ ಮೂರು ಡಿಸ್ಕುಗಳನ್ನು ಮೂರು ವೇಗದಲ್ಲಿ ಬರೆದು ಸ್ಕ್ಯಾನ್ ಮಾಡಿದರೆ ನಿಮ್ಮ ಡ್ರೈವಿಗೆ ಯಾವುದು ಹೊಂದುತ್ತದೆ ಅಂತ ಸ್ಪಷ್ಟವಾಗುತ್ತದೆ. ಮೂರು ಡಿಸ್ಕ್ ದಂಡವಾಯಿತು ಅಂತ ಬೇಸರ ಬೇಡ, ಉಳಿದವು ಉಳಿಯುತ್ತವೆ.

ಪರೀಕ್ಷೆಯ ಡಿಸ್ಕನ್ನು ಪೂರ್ತಿ ತುಂಬಿಸಿ ಬರೆಯಿರಿ. ಯಾಕೆಂದರೆ ಡಿಸ್ಕ್ ಒಳಗಿನಿಂದ ಹೊರಗೆ ತುಂಬುತ್ತದೆ, ತೊಂದರೆ ಬಹುತೇಕ ಹೊರ ಅಂಚಿನಲ್ಲೇ. ಅರ್ಧ ಬರೆದ ಡಿಸ್ಕ್ ಸ್ಕ್ಯಾನ್ ಮಾಡಿದರೆ ತೊಂದರೆಯ ಜಾಗ ಕಾಣುವುದೇ ಇಲ್ಲ. ನಿಜವಾದ ಸಂಗ್ರಹದ ಡಿಸ್ಕಿನಲ್ಲಿ ಮಾತ್ರ ಹೊರಗಿನ ಜಾಗವನ್ನು ನಿಮ್ಮ ಫೈಲಿಗೆ ಕೊಡಬೇಡಿ. ಡಿವಿಡಿಯಲ್ಲಿ ಐದನೇ ಒಂದು ಭಾಗದಷ್ಟು ಜಾಗ ಬಿಟ್ಟು, ಅಲ್ಲಿ ಡಿವಿಡಿಸಾಸ್ಟರ್‌ನ ಆರ್‌ಎಸ್02 ಅಥವಾ ಆರ್‌ಎಸ್03 ವಿಧಾನದಿಂದ ರಕ್ಷಣಾ ಡೇಟಾ ತುಂಬಿಸಿ. ಇದನ್ನು ಬರೆಯುವ ಮುಂಚೆ ಐಎಸ್‌ಒ ಇಮೇಜಿಗೇ (ಡಿಸ್ಕಿಗೆ ಬರೆಯುವ ಎಲ್ಲವೂ ಇರುವ ಒಂದೇ ಫೈಲ್) ಸೇರಿಸಬೇಕು. ಬರೆದ ಮೇಲೆ ಸೇರಿಸಲು ಆಗುವುದಿಲ್ಲ, ಈ ಕ್ರಮವನ್ನೇ ಜನ ತಪ್ಪಿಸುತ್ತಾರೆ.

ಮಲ್ಟಿಸೆಷನ್ (ಹಲವು ಸಲ ಸ್ವಲ್ಪ ಸ್ವಲ್ಪ ಬರೆಯುವುದು) ಬೇಡ. ಒಂದೇ ಸಲ ಬರೆದು ಡಿಸ್ಕ್ ಮುಚ್ಚಿ. ಅಂಟಿಸುವ ಲೇಬಲ್ ಬೇಡ. ನೀರಿನ ಇಂಕಿನ ಮೆತ್ತನೆಯ ಪೆನ್ನಲ್ಲಿ, ನಡುವಿನ ಪಾರದರ್ಶಕ ಉಂಗುರದ ಮೇಲೆ ಒಂದು ನಂಬರ್ ಬರೆದರೆ ಸಾಕು.

## ಹಂತ 4: ಹ್ಯಾಶ್ ತಾಳೆ ನೋಡಿ

ಬರೆಯುವ ಮುಂಚೆ ಎಲ್ಲ ಫೈಲುಗಳ ಎಸ್‌ಎಚ್‌ಎ-256 ಹ್ಯಾಶ್ ತೆಗೆದು ಒಂದು ಪಟ್ಟಿ ಮಾಡಿ. ಒಂದು ಪ್ರತಿ ಡಿಸ್ಕಿನಲ್ಲಿ, ಒಂದು ಪ್ರತಿ ಹೊರಗೆ. ಬರೆದ ಮೇಲೆ ಡಿಸ್ಕನ್ನು ಹೊರಗೆ ತೆಗೆದು ಮತ್ತೆ ಹಾಕಿ, ಆಮೇಲೆ ತಾಳೆ ನೋಡಿ. ತೆಗೆಯದಿದ್ದರೆ ಕಂಪ್ಯೂಟರ್ ಕೆಲವು ಸಲ ಡಿಸ್ಕ್ ಓದದೆ ತನ್ನ ನೆನಪಿನಿಂದಲೇ ಉತ್ತರ ಕೊಟ್ಟುಬಿಡುತ್ತದೆ. ಹ್ಯಾಶ್ ತಪ್ಪಿದರೆ ಸ್ಕ್ಯಾನ್ ಮಾಡುವ ಅಗತ್ಯವೇ ಇಲ್ಲ, ಆ ಡಿಸ್ಕ್ ಮುಗೀತು.

## ಹಂತ 5: ಎರರ್ ಸ್ಕ್ಯಾನ್

ಡಿಸ್ಕ್ ಬರ್ನ್ ಆಗಿ ಬಿಸಿ ಇರುತ್ತದೆ, ಅರ್ಧ ಗಂಟೆ ತಣಿಯಲು ಬಿಡಿ. ಬೆರಳಚ್ಚು, ಧೂಳು ಇದ್ದರೆ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ. ಸುತ್ತು ಸುತ್ತಾಗಿ ಒರೆಸಬೇಡಿ. ಸುತ್ತಿನ ಗೀರು ಟ್ರ್ಯಾಕಿನ ಉದ್ದಕ್ಕೂ ಹೋಗುತ್ತದೆ, ಒಂದೇ ಕಡೆಯ ಡೇಟಾ ಸಾಲಾಗಿ ಹಾಳಾದರೆ ಡ್ರೈವಿಗೆ ಸರಿಮಾಡುವುದು ಕಷ್ಟ. ಅಡ್ಡ ಗೀರು ಪ್ರತಿ ಸುತ್ತಿನಲ್ಲಿ ಸ್ವಲ್ಪ ಸ್ವಲ್ಪ ಮಾತ್ರ ಕೆಡಿಸುತ್ತದೆ.

ಸ್ಕ್ಯಾನ್ ವೇಗ ಒಂದನ್ನು ಆರಿಸಿ, ಮುಂದೆ ಯಾವತ್ತೂ ಅದನ್ನು ಬದಲಿಸಬೇಡಿ. ಡಿವಿಡಿಗೆ ನಾನು 8ಎಕ್ಸ್ ಇಡುತ್ತೇನೆ, ಬ್ಲೂ-ರೇಗೆ 4ಎಕ್ಸ್. ಈ ವರ್ಷ 4ಎಕ್ಸ್, ಮುಂದಿನ ವರ್ಷ 16ಎಕ್ಸ್ ಅಂತ ಮಾಡಿದರೆ ಎರಡು ಗ್ರಾಫುಗಳನ್ನು ಪಕ್ಕದಲ್ಲಿಟ್ಟು ನೋಡುವುದಕ್ಕೆ ಅರ್ಥವೇ ಇಲ್ಲ. ಹಾಗೆಯೇ ಬೇರೆ ಬೇರೆ ಡ್ರೈವಿನ ಅಂಕಿಗಳನ್ನೂ ಹೋಲಿಸಬೇಡಿ, ಒಂದೇ ಡಿಸ್ಕಿಗೆ ಎರಡು ಡ್ರೈವ್ ಬಹಳ ಬೇರೆ ಲೆಕ್ಕ ಕೊಡಬಹುದು. ಸ್ಕ್ಯಾನ್ ಓಡುವಾಗ ಆ ಡಿಸ್ಕಿನ ಫೋಲ್ಡರ್ ತೆರೆದಿರಬಾರದು.

## ಹಂತ 6: ಅಂಕಿಗಳನ್ನು, ಗ್ರಾಫನ್ನು ಓದುವುದು

ಜನ ಹೆಚ್ಚು ಎಡವುವುದು ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೋಗೋಣ.

ಸಿಡಿಯಲ್ಲಿ ನೋಡಬೇಕಾದ್ದು ಸಿ1 (ಮೊದಲ ಹಂತದ ರಿಪೇರಿಯಲ್ಲಿ ಕಂಡ ತಪ್ಪು) ಮತ್ತು ಸಿ2 (ಅಲ್ಲಿ ಸರಿಯಾಗದೆ ಮುಂದೆ ಹೋದ ತಪ್ಪು). ಒಂದು ಸೆಕೆಂಡಿನ ಸಿಡಿಯಲ್ಲಿ 7350 ಫ್ರೇಮ್ ಇರುತ್ತವೆ. ತಪ್ಪಿರುವ ಫ್ರೇಮುಗಳ, ಅಂದರೆ ಸಿ1ರ, ಮಿತಿ ಸೆಕೆಂಡಿಗೆ 220, ಅಂದರೆ ಸುಮಾರು ಶೇಕಡಾ 3. ಆದರೆ ಇದು "ಓದಲು ಸಾಕು" ಅನ್ನುವ ಮಿತಿ, ಹತ್ತಾರು ವರ್ಷ ಇಡುವ ಡಿಸ್ಕಿಗೆ ಇದು ಸಾಲದು. ಹೊಸದಾಗಿ ಬರೆದ ಸಿಡಿಯಲ್ಲಿ ಸರಾಸರಿ 10ರ ಒಳಗೆ, ಅತಿ ಎತ್ತರದ ಗೆರೆ 50ರ ಒಳಗೆ ಇದ್ದರೆ ಮಾತ್ರ ನಾನು ಇಟ್ಟುಕೊಳ್ಳುತ್ತೇನೆ. ಸಿ2 ಸೊನ್ನೆಯೇ ಇರಬೇಕು. ಹೊಸ ಡಿಸ್ಕಿನಲ್ಲಿ ಒಂದು ಸಿ2 ಕಂಡರೂ ಒರೆಸಿ ಮತ್ತೆ ಸ್ಕ್ಯಾನ್ ಮಾಡಿ, ಮತ್ತೆ ಬಂದರೆ ಬಿಸಾಡಿ.

ಡಿವಿಡಿಯಲ್ಲಿ ಲೆಕ್ಕ ಬೇರೆ. ಡೇಟಾವನ್ನು 32 ಕೆಬಿಯ ತುಂಡುಗಳಾಗಿ ಇಟ್ಟಿರುತ್ತಾರೆ, ಪ್ರತಿ ತುಂಡಿನಲ್ಲಿ 208 ಸಾಲು. ಸಾಲಿನ ಕೊನೆಯ 10 ಬೈಟ್ ರಿಪೇರಿಗೆ ಮೀಸಲು, ಅದರಿಂದ ಆ ಸಾಲಿನ 5 ಬೈಟ್ ತನಕ ಸರಿಮಾಡಬಹುದು. ಒಂದು ಸಾಲಿನಲ್ಲಿ ಒಂದಾದರೂ ತಪ್ಪಿದ್ದರೆ ಅದು ಪಿಐಇ ಲೆಕ್ಕಕ್ಕೆ ಬರುತ್ತದೆ. 5ಕ್ಕಿಂತ ಹೆಚ್ಚಾಗಿ ಸಾಲಿನ ಕೈಲಿ ಆಗದೆ ಹೋದರೆ ಅದು ಪಿಐಎಫ್. ಆಗ ನಿಲುವಿನ ಕಡೆಯಿಂದ ಎರಡನೇ ರಿಪೇರಿ ನಡೆಯುತ್ತದೆ. ಅದೂ ಸೋತರೆ ಪಿಒಎಫ್, ಫೈಲ್ ಹೋಯಿತು ಅಂತಲೇ ಅರ್ಥ.

ಮಿತಿ: ಸಾಲಾಗಿ 8 ತುಂಡುಗಳಲ್ಲಿ ಒಟ್ಟು ಪಿಐಇ 280, ಒಂದು ತುಂಡಿನಲ್ಲಿ ಪಿಐಎಫ್ 4. ಹೊಸ ಡಿಸ್ಕಿಗೆ ನಾನು ಪಿಐಇಯನ್ನು ಅರ್ಧಕ್ಕೆ, ಅಂದರೆ 140ಕ್ಕೆ ಇಳಿಸಿ ನೋಡುತ್ತೇನೆ. ಎರಡರಲ್ಲಿ ಪಿಐಎಫ್‌ಗೇ ಹೆಚ್ಚು ಬೆಲೆ ಕೊಡಿ. ಪಿಐಇ ಸ್ವಲ್ಪ ಎತ್ತರ ಇದ್ದು ಪಿಐಎಫ್ ಉದ್ದಕ್ಕೂ 1, 2ರಲ್ಲಿ ಇದ್ದರೆ ಆತಂಕ ಬೇಡ. ಪಿಐಇ ಕಡಿಮೆ ಇದ್ದು ಪಿಐಎಫ್ ಮಾತ್ರ ಒಂದೇ ಜಾಗದಲ್ಲಿ ಗುಂಪಾಗಿ ಏಳುತ್ತಿದ್ದರೆ ಆ ಜಾಗದಲ್ಲಿ ಪೆಟ್ಟಿದೆ.

ಬ್ಲೂ-ರೇನಲ್ಲಿ ಎಲ್‌ಡಿಸಿ, ಬಿಐಎಸ್ ಅಂತ ಎರಡು ಗೆರೆ. ಎಲ್‌ಡಿಸಿ ಒಟ್ಟು ತಪ್ಪು ತೋರಿಸುತ್ತದೆ, ಬಿಐಎಸ್ ಎದ್ದ ಕಡೆ ಗೀರು, ಧೂಳಿನಂಥ ಒಟ್ಟೊಟ್ಟಾದ ಪೆಟ್ಟು ಇರುತ್ತದೆ. ಇಲ್ಲಿ ನಿಮ್ಮದೇ ಹತ್ತು ಡಿಸ್ಕುಗಳನ್ನು ಸ್ಕ್ಯಾನ್ ಮಾಡಿ, ಗುಂಪಿನಿಂದ ಹೊರಗೆ ನಿಲ್ಲುವುದನ್ನು ತೆಗೆದುಹಾಕುವುದೇ ಸರಿಯಾದ ದಾರಿ.

ಈಗ ಆಕಾರ. ಅಂಕಿಗಿಂತ ಗ್ರಾಫಿನ ಆಕಾರ ಜಾಸ್ತಿ ಮಾತಾಡುತ್ತದೆ.

ಆರಂಭದಿಂದ ಕೊನೆಯವರೆಗೂ ಗಿಡ್ಡ ಹುಲ್ಲಿನ ಹಾಗೆ ಸಮವಾಗಿದ್ದರೆ ಒಳ್ಳೆಯದು. ಕೊನೆಯಲ್ಲಿ ಗುಡ್ಡ ಎದ್ದರೆ ಹೊರ ಅಂಚಿನ ಪದರ ಸರಿಯಿಲ್ಲ, ಅಥವಾ ಅಲ್ಲಿ ಬರೆಯುವ ವೇಗ ಹೆಚ್ಚಾಯಿತು. ವೇಗ ಇಳಿಸಿ ಇನ್ನೊಂದು ಡಿಸ್ಕ್ ಬರೆಯಿರಿ. ಆಗಲೂ ಗುಡ್ಡ ಇದ್ದರೆ ತಪ್ಪು ಡಿಸ್ಕಿನದ್ದು. ಒಂದೇ ಒಂದು ಕಂಬ ನಿಂತಿದ್ದರೆ ಧೂಳು ಇರಬಹುದು, ಒರೆಸಿ ನೋಡಿ. ಕಂಬ ಅದೇ ಜಾಗದಲ್ಲಿ ಮತ್ತೆ ಬಂದರೆ ತಯಾರಿಕೆಯ ದೋಷ. ಸ್ಕ್ಯಾನ್ ಮಾಡಿದ ಹಾಗೆಲ್ಲ ಕಂಬ ಜಾಗ ಬದಲಿಸುತ್ತಿದ್ದರೆ ಡ್ರೈವ್ ಮೇಲೆ ಅನುಮಾನ ಪಡಿ. ನಡುವೆ ಥಟ್ಟನೆ ಮೆಟ್ಟಿಲು ಏರಿ ಹಾಗೇ ಮುಂದುವರಿದರೆ ಬರೆಯುವಾಗ ಡ್ರೈವ್ ಅಲ್ಲಿ ವೇಗ ಬದಲಿಸಿದೆ, ಮಿತಿಯ ಒಳಗಿದ್ದರೆ ಚಿಂತೆ ಇಲ್ಲ. ಇಡೀ ಗ್ರಾಫೇ ಎತ್ತರದಲ್ಲಿದ್ದರೆ ನಿಮ್ಮ ಡ್ರೈವಿಗೆ ಆ ಮೀಡಿಯಾ ಕೋಡ್ ಪರಿಚಯವಿಲ್ಲ. ಡಿಸ್ಕ್ ಎಸೆಯುವ ಮುಂಚೆ ಫರ್ಮ್‌ವೇರ್ ಅಪ್‌ಡೇಟ್ ಮಾಡಿ, ಇಲ್ಲಾ ಇನ್ನೊಂದು ಡ್ರೈವಿನಲ್ಲಿ ಬರೆದು ನೋಡಿ.

ನೀರೋ ಡಿಸ್ಕ್‌ಸ್ಪೀಡ್ ಕೊನೆಗೆ 100ಕ್ಕೆ ಇಷ್ಟು ಅಂತ ಅಂಕ ಕೊಡುತ್ತದೆ, ಅದನ್ನು ದಯವಿಟ್ಟು ನಂಬಿ ಕೂರಬೇಡಿ. ಒಂದೇ ಒಂದು ಎತ್ತರದ ಪಿಐಎಫ್ ಬಂದರೆ ಅಂಕ ಕುಸಿಯುತ್ತದೆ, ಉದ್ದಕ್ಕೂ ಪಿಐಇ ಕೆಟ್ಟದಾಗಿದ್ದರೂ ಅಂಕ ಚೆನ್ನಾಗಿಯೇ ಇರಬಹುದು.

## ಹಂತ 7: ಇನ್ನೊಂದು ಡ್ರೈವಿನಲ್ಲಿ ಓದುವ ವೇಗ ನೋಡಿ

ಎರಡನೇ ಡ್ರೈವಿನಲ್ಲಿ ಟ್ರಾನ್ಸ್‌ಫರ್ ರೇಟ್ ಪರೀಕ್ಷೆ ಓಡಿಸಿ, ಗರಿಷ್ಠ ವೇಗದಲ್ಲಿ. ಗೆರೆ ಒಳಗಿನಿಂದ ಹೊರಗೆ ನುಣುಪಾಗಿ ಏರಬೇಕು. ನಡುವೆ ಗುಂಡಿ ಬಿದ್ದರೆ ಅಲ್ಲಿ ಡ್ರೈವ್ ಮತ್ತೆ ಮತ್ತೆ ಓದಲು ಪ್ರಯತ್ನಿಸಿದೆ. ಆ ಜಾಗವನ್ನು ಸ್ಕ್ಯಾನ್ ಗ್ರಾಫಿನ ಜೊತೆ ಹೋಲಿಸಿ. ಎರಡರಲ್ಲೂ ಒಂದೇ ಕಡೆ ತೊಂದರೆ ಇದ್ದರೆ ಡಿಸ್ಕ್ ಬೇಡ. ಸ್ಕ್ಯಾನ್ ಸಾಧ್ಯವೇ ಇಲ್ಲದ ಡ್ರೈವ್ ಇರುವವರಿಗೂ ಈ ಪರೀಕ್ಷೆ ಕೈಗೆ ಸಿಗುತ್ತದೆ, ಅಷ್ಟಾದರೂ ಮಾಡಿ.

## ಹಂತ 8: ಒಂದು ಡಿಸ್ಕನ್ನು ಬಿಸಿಲಿಗೆ ಬಲಿಕೊಡಿ

ಹೊಸ ಮೀಡಿಯಾ ಕೋಡ್ ಮೊದಲ ಸಲ ಬಳಸುವಾಗ ಮಾತ್ರ ಇದನ್ನು ಮಾಡುತ್ತೇನೆ. ಪೂರ್ತಿ ಬರೆದು ಸ್ಕ್ಯಾನ್ ಮಾಡಿದ ಒಂದು ಡಿಸ್ಕನ್ನು, ಓದುವ ಕಡೆ ಮೇಲೆ ಮಾಡಿ, ಬಿಸಿಲು ಬೀಳುವ ಕಿಟಕಿಯಲ್ಲಿ ಎರಡು ವಾರ ಇಡಿ. ಒಂದು ಭಾಗವನ್ನು ಕಪ್ಪು ಕಾಗದದಿಂದ ಮುಚ್ಚಬೇಕು. ಬಹಳ ಜನ ಅರ್ಧಚಂದ್ರದ ಆಕಾರದಲ್ಲಿ ಮುಚ್ಚುತ್ತಾರೆ, ಅದರಿಂದ ಏನೂ ಗೊತ್ತಾಗುವುದಿಲ್ಲ. ಡಿಸ್ಕ್ ತಿರುಗುವಾಗ ಪ್ರತಿ ಸುತ್ತಿನಲ್ಲೂ ಮುಚ್ಚಿದ ಭಾಗ, ತೆರೆದ ಭಾಗ ಎರಡೂ ಬೆರೆತು ಲೆಕ್ಕಕ್ಕೆ ಬರುತ್ತವೆ. ಉಂಗುರದ ಆಕಾರದಲ್ಲಿ ಕತ್ತರಿಸಿ ಒಳಗಿನ ಅರ್ಧವನ್ನು ಮುಚ್ಚಿ. ಆಗ ಗ್ರಾಫಿನ ಎಡಭಾಗ ಬಿಸಿಲು ಕಾಣದ್ದು, ಬಲಭಾಗ ಕಂಡದ್ದು. ಕಾಗದಕ್ಕೆ ಅಂಟು ಹಚ್ಚಬೇಡಿ, ಸುಮ್ನೆ ಮೇಲಿಡಿ.

ಎರಡು ವಾರದ ನಂತರ ಬಲಭಾಗ ಹೆಚ್ಚುಕಡಿಮೆ ಹಾಗೇ ಇದ್ದರೆ ಪದರ ಗಟ್ಟಿ. ಗೋಡೆಯ ಹಾಗೆ ಎದ್ದಿದ್ದರೆ ಆ ಸ್ಪಿಂಡಲ್ ದಿನಬಳಕೆಗೆ ಮಾತ್ರ. ಇದರಿಂದ "ಇಷ್ಟು ವರ್ಷ ಬಾಳುತ್ತದೆ" ಅಂತ ಲೆಕ್ಕ ಹಾಕಲು ಹೋಗಬೇಡಿ, ಎರಡು ಬಗೆಯ ಡಿಸ್ಕ್ ಪಕ್ಕದಲ್ಲಿಟ್ಟು ಯಾವುದು ಮೊದಲು ಸೋಲುತ್ತದೆ ಅಂತ ನೋಡಲು ಇದು ಸಾಕು. ಬಾಳಿಕೆ ಅಂದಾಜು ಮಾಡಲು ಐಎಸ್‌ಒ/ಐಇಸಿ 10995ರಂಥ ಪ್ರಮಾಣಿತ ವಿಧಾನಗಳಿವೆ. ಅದಕ್ಕೆ ಬಿಸಿ, ತೇವವನ್ನು ನಿಖರವಾಗಿ ಹಿಡಿದಿಡುವ ಪೆಟ್ಟಿಗೆ, ಬಹಳ ಡಿಸ್ಕುಗಳು ಬೇಕು.

## ಹಂತ 9: ಬರೆದಿಡಿ, ಮತ್ತೆ ಪರೀಕ್ಷಿಸಿ

ಪ್ರತಿ ಡಿಸ್ಕಿಗೆ ಒಂದು ಸಾಲು: ನಂಬರ್, ಮೀಡಿಯಾ ಕೋಡ್, ಬರೆದ ದಿನ, ಡ್ರೈವ್ ಮತ್ತು ಫರ್ಮ್‌ವೇರ್, ಬರೆದ ವೇಗ, ಸ್ಕ್ಯಾನ್ ವೇಗ, ಸರಾಸರಿ, ಗರಿಷ್ಠ. ಗ್ರಾಫಿನ ಚಿತ್ರವನ್ನೂ ಅದೇ ನಂಬರಿನಲ್ಲಿ ಉಳಿಸಿ.

ಡಿಸ್ಕುಗಳನ್ನು ಗಟ್ಟಿ ಡಬ್ಬಿಯಲ್ಲಿ, ಪುಸ್ತಕದ ಹಾಗೆ ನಿಲ್ಲಿಸಿ, ಕತ್ತಲಲ್ಲಿ ಇಡಿ. ಅಮೆರಿಕದ ಎನ್‌ಐಎಸ್‌ಟಿ ಎಂಬ ಮಾನದಂಡ ಸಂಸ್ಥೆ 2003ರಲ್ಲಿ ತಂದ ಕೈಪಿಡಿ ಹೇಳುವುದು 4ರಿಂದ 20 ಡಿಗ್ರಿ ಸೆಲ್ಸಿಯಸ್, ಶೇಕಡಾ 20ರಿಂದ 50 ತೇವ. ಅಷ್ಟು ಆಗದಿದ್ದರೂ ಬಿಸಿ, ತಂಪು ಪದೇ ಪದೇ ಏರಿಳಿಯದ ಜಾಗ ಹುಡುಕಿ.

ಮೊದಲ ಮರುಪರೀಕ್ಷೆ ಮೂರು ತಿಂಗಳಿಗೆ. ಕೆಟ್ಟ ತಯಾರಿಕೆ ಇದ್ದರೆ ಬಹುತೇಕ ಇಷ್ಟರಲ್ಲೇ ಬಾಲ ಬಿಚ್ಚುತ್ತದೆ. ಆಮೇಲೆ ಒಂದು ವರ್ಷಕ್ಕೆ, ನಂತರ ಎರಡು ವರ್ಷಕ್ಕೊಮ್ಮೆ. ಡಿಸ್ಕ್ ತುಂಬಾ ಇದ್ದರೆ ಪ್ರತಿ ಸ್ಪಿಂಡಲ್‌ನಿಂದ ಎರಡು ಮೂರು ನೋಡಿ. ಅವುಗಳಲ್ಲಿ ಒಂದು ಕೆಟ್ಟಿದ್ದರೂ ಆ ಸ್ಪಿಂಡಲ್‌ನ ಎಲ್ಲವನ್ನೂ ನೋಡಿ.

## ಯಾವಾಗ ಬೇರೆ ಡಿಸ್ಕಿಗೆ ದಾಟಿಸಬೇಕು

ಅದೇ ಡ್ರೈವ್, ಅದೇ ವೇಗದಲ್ಲಿ ಸರಾಸರಿ ಮೊದಲಿಗಿಂತ ಎರಡು ಪಟ್ಟಾಗಿದ್ದರೆ, ಮಿತಿಯ ಒಳಗೆ ಇದ್ದರೂ ಸರಿ, ದಾಟಿಸಲು ಯೋಜನೆ ಹಾಕಿ. ಡಿವಿಡಿಯಲ್ಲಿ ಪಿಐಇ 280 ದಾಟಿದರೆ, ಸಿಡಿಯಲ್ಲಿ ಸಿ2 ಕಂಡರೆ, ಅಂಚಿನಲ್ಲಿ ಬಣ್ಣ ಮಾಸಿದ್ದು ಕಂಡರೆ ಅವತ್ತೇ ದಾಟಿಸಿ. ಓದುವಾಗ ಡ್ರೈವ್ ಪದೇ ಪದೇ ವೇಗ ಇಳಿಸಿ ಏರಿಸಿ ಸದ್ದು ಮಾಡುತ್ತಿದ್ದರೆ ಸ್ಕ್ಯಾನಿಗೂ ಕಾಯಬೇಡಿ. ಸ್ಕ್ಯಾನ್ ಆಮೇಲೆ ಮಾಡಬಹುದು, ಡೇಟಾ ಮೊದಲು.

ಸೋಲುತ್ತಿರುವ ಡಿಸ್ಕಿನಿಂದ ಫೈಲುಗಳನ್ನು ಎಳೆದು ಬಿಡುವ ಹಾಗೆ ಕಾಪಿ ಮಾಡಬೇಡಿ, ಒಂದು ಕಡೆ ಸಿಕ್ಕಿಬಿದ್ದರೆ ಉಳಿದದ್ದೂ ನಿಂತುಹೋಗುತ್ತದೆ. ಡಿಡಿರೆಸ್ಕ್ಯೂ ಅಥವಾ ಡಿವಿಡಿಸಾಸ್ಟರ್‌ನಿಂದ ಇಡೀ ಡಿಸ್ಕಿನ ಇಮೇಜ್ ತೆಗೆಯಿರಿ. ಓದಲಾಗದ ಜಾಗ ಉಳಿದರೆ ಅದೇ ಇಮೇಜ್, ಅದೇ ಮ್ಯಾಪ್ ಫೈಲ್ (ಯಾವ ಜಾಗ ಓದಿ ಆಯಿತು ಅಂತ ಡಿಡಿರೆಸ್ಕ್ಯೂ ಬರೆದಿಡುವ ಪಟ್ಟಿ) ಇಟ್ಟುಕೊಂಡು ಎರಡನೇ ಡ್ರೈವಿನಲ್ಲಿ ಮುಂದುವರಿಸಿ. ಒಂದು ಡ್ರೈವಿಗೆ ಸಿಗದ ಸೆಕ್ಟರ್ ಇನ್ನೊಂದಕ್ಕೆ ಎಷ್ಟೋ ಸಲ ಸಿಗುತ್ತದೆ. ಇನ್ನೂ ಉಳಿದ ತೂತುಗಳನ್ನು ರಕ್ಷಣಾ ಡೇಟಾದಿಂದ ತುಂಬಿಸಿ, ನಾಲ್ಕನೇ ಹಂತದಲ್ಲಿ ಹೊರಗೆ ಇಟ್ಟಿದ್ದ ಹ್ಯಾಶ್ ಪಟ್ಟಿಯ ಜೊತೆ ತಾಳೆ ನೋಡಿ. ಎಲ್ಲವೂ ಸರಿಬಂದ ಮೇಲೆ ಹೊಸ ಡಿಸ್ಕ್ ತೆಗೆದುಕೊಂಡು ಎರಡನೇ ಹಂತದಿಂದ ಮತ್ತೆ ಶುರು ಮಾಡಿ. ಈ ಸಲ ಎರಡು ಪ್ರತಿ ಮಾಡಿ, ಬೇರೆ ಬೇರೆ ಮೀಡಿಯಾ ಕೋಡಿನ ಡಿಸ್ಕುಗಳ ಮೇಲೆ, ಮತ್ತು ಎರಡನ್ನೂ ಒಂದೇ ಮನೆಯಲ್ಲಿ ಇಡಬೇಡಿ.